ಗೊಂಬೆಗೆ ಜೋಗುಳ ಹಾಡಿದ ಹುಡುಗರು: ಮಾರ್ಗರೆಟ್ ಮೀಡ್ ನಿಜವಾಗಿ ಕಂಡಿದ್ದೇನು?

ಮುರಿದು ಮತ್ತೆ ಕೂಡಿಕೊಂಡ ತೊಡೆಮೂಳೆಯೇ ನಾಗರಿಕತೆಯ ಮೊದಲ ಕುರುಹು ಎಂದು ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಹೇಳಿದ್ದರಂತೆ. ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಅವರ ಬರಹಗಳಲ್ಲಿ ಆ ಮಾತಿಗೆ ಆಧಾರವಿಲ್ಲ. ಬೇಸರದ ವಿಷಯವೆಂದರೆ, ಅವರು ನಿಜಕ್ಕೂ ಕಂಡು ಬರೆದದ್ದು ಇದಕ್ಕಿಂತ ಸ್ವಾರಸ್ಯವಾಗಿದೆ, ಆದರೆ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಮಗ ಗೊಂಬೆ ಎತ್ತಿಕೊಂಡರೆ ಗಾಬರಿಯಾಗುವ ಅಪ್ಪ-ಅಮ್ಮಂದಿರಿಗೆ ಅದು ಬೇಕಾದ ಮಾಹಿತಿ.

ಮೀಡ್ ಹುಟ್ಟಿದ್ದು 1901ರ ಡಿಸೆಂಬರ್ 16ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ತಂದೆ ಪ್ರಾಧ್ಯಾಪಕರು. ತಾಯಿ ಇಟಲಿಯಿಂದ ವಲಸೆ ಬಂದ ಕುಟುಂಬಗಳ ಅಧ್ಯಯನ ಮಾಡುತ್ತಿದ್ದರು. ಆದರೆ ಮೀಡ್‌ಗೆ ನಿಜವಾದ ಗುರು ಅಜ್ಜಿ. ಶಿಕ್ಷಕಿಯಾಗಿದ್ದ ಆ ಅಜ್ಜಿ, ಚಿಕ್ಕ ತಂಗಿಯರು ಏನು ಮಾಡುತ್ತಾರೆ, ಹೇಗೆ ಮಾತಾಡುತ್ತಾರೆ ಎಂದು ಗಮನಿಸಿ ಬರೆದಿಡುವ ಕೆಲಸವನ್ನು ಮೊಮ್ಮಗಳಿಗೆ ಹಚ್ಚಿದ್ದರು. ಮುಂದೆ ಜೀವನಪೂರ್ತಿ ಮೀಡ್ ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಜ್ ಬೋಆಸ್ ಅವರ ಶಿಷ್ಯೆಯಾಗಿ, 23ನೇ ವಯಸ್ಸಿಗೇ ಸಮೋವಾ ದ್ವೀಪಗಳಿಗೆ ಹೋದರು. ಹದಿಹರೆಯದ ಹುಡುಗಿಯರ ಬಗ್ಗೆ ಅಲ್ಲಿಂದ ಬಂದ ಪುಸ್ತಕ 1928ರಲ್ಲಿ ಹೊರಬಂದು ಹೆಸರು ತಂದುಕೊಟ್ಟಿತು.

ನಮಗೆ ಮುಖ್ಯವಾಗಿ ಕಂಡದ್ದು ಅದರ ಮುಂದಿನ ಪ್ರಯಾಣ. 1928-29ರಲ್ಲಿ ಅವರು ಈಗಿನ ಪಪುವಾ ನ್ಯೂಗಿನಿಗೆ ಸೇರಿದ ಮಾನುಸ್‌ನಲ್ಲಿದ್ದರು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳ ಊರು ಅದು. ಅಲ್ಲಿನ ಮಕ್ಕಳಿಗೆ ಆಡಲು ಗೊಂಬೆಗಳೇ ಇರಲಿಲ್ಲ. ಮೀಡ್ ಚಿಕ್ಕ ಮರದ ಗೊಂಬೆಗಳನ್ನು ಕೊಟ್ಟಾಗ ಅವನ್ನು ಎತ್ತಿಕೊಂಡು ಜೋಗುಳ ಹಾಡಿದ್ದು ಹುಡುಗಿಯರಲ್ಲ, ಹುಡುಗರು! ಕಾರಣ ಮನೆಯಲ್ಲೇ ಇತ್ತು. ಹಸುಗೂಸಿನ ಹಂತ ದಾಟಿದ ಮಕ್ಕಳನ್ನು ಎತ್ತಿ ಆಡಿಸಿ, ಜತೆಗಿಟ್ಟುಕೊಂಡು ತಿರುಗುತ್ತಿದ್ದವರು ಅಪ್ಪಂದಿರು. ಅಮ್ಮಂದಿರಿಗೆ ಕೈತುಂಬ ಕೆಲಸ. ಹುಡುಗರು ಕಂಡದ್ದನ್ನೇ ಆಡಿ ತೋರಿಸಿದರು.

1931ರಿಂದ 33ರವರೆಗೆ ಅವರು ಮತ್ತೆ ನ್ಯೂಗಿನಿಯಲ್ಲಿ ಮೂರು ಸಮುದಾಯಗಳನ್ನು ನೋಡಿದರು. ಅರಾಪೇಶ್ ಜನರಲ್ಲಿ ಗಂಡು-ಹೆಣ್ಣು ಇಬ್ಬರೂ ಮೃದು ಸ್ವಭಾವದವರು, ಮುಂಡುಗುಮೊರ್ ಜನರಲ್ಲಿ ಇಬ್ಬರೂ ಜಗಳಗಂಟರು ಎಂದು ಬರೆದರು. ಚಾಂಬುಲಿಯಲ್ಲಿ ಮೀನು ಹಿಡಿಯುವುದು, ಮಾರಾಟಕ್ಕೆ ಸೊಳ್ಳೆ ಚೀಲ ಹೆಣೆಯುವುದು ಹೆಂಗಸರ ಕೆಲಸ. ಅಲಂಕಾರ, ಕಲೆ, ಕುಣಿತ ಗಂಡಸರದು. 1935ರ ಈ ಪುಸ್ತಕ ದೊಡ್ಡ ಸದ್ದು ಮಾಡಿತು.

ಒಂದೇ ಪ್ರದೇಶದಲ್ಲಿ ಮೂರೂ ಬಗೆ ಇಷ್ಟು ಅಚ್ಚುಕಟ್ಟಾಗಿ ಸಿಕ್ಕಿಬಿಟ್ಟವೇ? ಅನುಮಾನ ಬರುವುದು ಸಹಜ, ನಮಗೂ ಬಂತು. ಆಗ ಅವರ ಪತಿಯಾಗಿ ಜತೆಗಿದ್ದ ಸಂಶೋಧಕ ರಿಯೋ ಫಾರ್ಚೂನ್ ಅವರೇ 1939ರಲ್ಲಿ ಅರಾಪೇಶರ ಯುದ್ಧಗಳ ಬಗ್ಗೆ ಬರೆದರು. 1970ರ ದಶಕದಲ್ಲಿ ಚಾಂಬುಲಿಯವರ ನಡುವೆ ಇದ್ದು ಬಂದ ಡೆಬೊರಾ ಗೆವರ್ಟ್ಜ್ ಅವರಿಗೆ ಹೆಂಗಸರ ಆಳ್ವಿಕೆ ಕಾಣಲಿಲ್ಲ. ಮೀಡ್ ಕೂಡ 1949ರ ಪುಸ್ತಕದಲ್ಲಿ ದೇಹದ ಪಾತ್ರಕ್ಕೆ ಮೊದಲಿಗಿಂತ ಹೆಚ್ಚು ಜಾಗ ಕೊಟ್ಟರು.

ಹಾಗಾದರೆ ಎಲ್ಲ ಸುಳ್ಳೇ? ಇಲ್ಲ. ಸಾಮಾನ್ಯವಾಗಿ ಎರಡು-ಮೂರು ವರ್ಷದ ಹೊತ್ತಿಗೆ ಮಗು ತನ್ನನ್ನು ಹುಡುಗ ಅಥವಾ ಹುಡುಗಿ ಎಂದು ಕರೆದುಕೊಳ್ಳಲು ಶುರುಮಾಡುತ್ತದೆ. ಯಾವ ಆಟಿಕೆ ಯಾರದು, ಅಡುಗೆಮನೆ ಯಾರದು ಎಂಬುದನ್ನು ಸುತ್ತಲಿನವರನ್ನು ನೋಡಿ, ಬೈಗುಳ-ಹೊಗಳಿಕೆ ಕೇಳಿ ಕಲಿಯುತ್ತದೆ. ಆಟದ ಒಲವಿನಲ್ಲಿ ಹಾರ್ಮೋನುಗಳಿಗೂ ಪಾಲಿದೆ. ಇಲ್ಲಿ ಎರಡು ವಿಷಯ ಬೆರೆಸಬೇಡಿ: ಗಂಡು-ಹೆಣ್ಣಿನ ಕೆಲಸಗಳು ಇಂಥವು ಎಂಬ ರೂಢಿ ಬೇರೆ, ತಾನು ಯಾರು ಎಂಬ ಮಗುವಿನ ಒಳಗಿನ ಅರಿವು ಬೇರೆ. ಮೀಡ್ ನೋಡಿದ್ದು ಮುಖ್ಯವಾಗಿ ಮೊದಲನೆಯದನ್ನು. ಗೊಂಬೆ ಕೊಟ್ಟರೆ ಹುಡುಗನ ಆ ಅರಿವು ಬದಲಾಗುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ.

1939ರಲ್ಲಿ ಮೀಡ್‌ಗೆ ಮಗಳು ಹುಟ್ಟಿದಾಗ ಮಕ್ಕಳ ವೈದ್ಯರಾಗಿದ್ದವರು ಬೆಂಜಮಿನ್ ಸ್ಪಾಕ್. ಗಡಿಯಾರ ನೋಡಿ ಹಾಲು ಕೊಡುತ್ತಿದ್ದ ಕಾಲದಲ್ಲಿ, ಮಗು ಹಸಿದಾಗ ಹಾಲೂಡಿಸುವುದನ್ನು ಮೀಡ್ ಆರಿಸಿಕೊಂಡರು. ಆ ಮಗಳು ಮೇರಿ ಕ್ಯಾಥರೀನ್ ಬೇಟ್ಸನ್ ಕೂಡ ಮುಂದೆ ಮಾನವಶಾಸ್ತ್ರಜ್ಞೆಯಾದರು.

1926ರಲ್ಲಿ ಸೇರಿದ ನ್ಯೂಯಾರ್ಕ್‌ನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದ ನಂಟನ್ನು ಮೀಡ್ ಕೊನೆಯವರೆಗೂ ಬಿಡಲಿಲ್ಲ. 1978ರ ನವೆಂಬರ್ 15ರಂದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಐದು ವರ್ಷಗಳ ನಂತರ ಡೆರೆಕ್ ಫ್ರೀಮನ್ ಅವರ ಸಮೋವಾ ಪುಸ್ತಕವೇ ತಪ್ಪು ಎಂದು ವಾದಿಸಿದರು. ಆ ಜಗಳದಲ್ಲಿ ಫ್ರೀಮನ್ ಅವರ ವಾದಕ್ಕೂ ಆಮೇಲೆ ಸಾಕಷ್ಟು ಪೆಟ್ಟು ಬಿತ್ತು.