ಅಲೆಕ್ಸಾಂಡರ್ ಲೂರಿಯಾ

ಅಲೆಕ್ಸಾಂಡರ್ ರೊಮಾನೊವಿಚ್ ಲೂರಿಯಾ (೧೬ ಜುಲೈ ೧೯೦೨ – ೧೪ ಆಗಸ್ಟ್ ೧೯೭೭) ಸೋವಿಯತ್ ಒಕ್ಕೂಟದ ಮನೋವಿಜ್ಞಾನಿ ಹಾಗೂ ವೈದ್ಯರು. ನರಮನೋವಿಜ್ಞಾನದ ಸ್ಥಾಪಕರಲ್ಲಿ ಒಬ್ಬರು. ತಲೆಗೆ ಪೆಟ್ಟಾಗಿ ಮಾತು, ಓದು, ಬರಹ, ನೆನಪುಗಳನ್ನು ಕಳೆದುಕೊಂಡ ವಯಸ್ಕರಿಗೆ ಅವನ್ನು ಮರಳಿ ಕಲಿಸುವ ಅರಿವಿನ ಪುನಶ್ಚೇತನ ಚಿಕಿತ್ಸೆಗೆ ಶಾಸ್ತ್ರೀಯ ತಳಹದಿ ಹಾಕಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ಶಿಕ್ಷಣ

ಲೂರಿಯಾ ಕಜಾನ್ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದರು. ತಂದೆ ವೈದ್ಯರು, ತಾಯಿ ದಂತವೈದ್ಯೆ. ೧೯೨೧ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಮುಂದೆ ಮಾಸ್ಕೋಗೆ ತೆರಳಿದರು. ೧೯೨೪ರಲ್ಲಿ ಲೆವ್ ವೈಗೋಟ್‌ಸ್ಕಿಯವರ ಪರಿಚಯವಾಯಿತು. ಮನುಷ್ಯನ ಮನಸ್ಸು ಭಾಷೆ ಮತ್ತು ಸಮಾಜದ ಸಾಧನಗಳಿಂದ ರೂಪುಗೊಳ್ಳುತ್ತದೆ ಎಂಬ ವೈಗೋಟ್‌ಸ್ಕಿಯವರ ವಿಚಾರ ಲೂರಿಯಾರ ಮುಂದಿನ ಕೆಲಸಕ್ಕೆಲ್ಲ ಆಧಾರವಾಯಿತು. ಮನೋವಿಜ್ಞಾನಿಯಾಗಿ ಹೆಸರು ಮಾಡಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ವೈದ್ಯಶಾಸ್ತ್ರ ಓದಿ ೧೯೩೭ರಲ್ಲಿ ಆ ಪದವಿಯನ್ನೂ ಪಡೆದರು.

ಯುದ್ಧಕಾಲದ ಆಸ್ಪತ್ರೆ

೧೯೪೧ರಲ್ಲಿ ಜರ್ಮನಿ ದಾಳಿ ಮಾಡಿದಾಗ ದಕ್ಷಿಣ ಉರಲ್ ಪ್ರದೇಶದ ಕಿಸೆಗಾಚ್‌ನಲ್ಲಿ ಮಿದುಳಿಗೆ ಗಾಯವಾದ ಸೈನಿಕರ ಪುನಶ್ಚೇತನ ಆಸ್ಪತ್ರೆಯೊಂದನ್ನು ಕಟ್ಟುವ ಹೊಣೆ ಅವರಿಗೆ ಬಂದಿತು. ಓದುವುದು, ಬರೆಯುವುದು ಮೊದಲಾದ ಶಕ್ತಿಗಳು ಮಿದುಳಿನ ಒಂದೇ ಬಿಂದುವಿನಲ್ಲಿ ಇರುವುದಿಲ್ಲ, ಹಲವು ಭಾಗಗಳು ಕೂಡಿ ಅವನ್ನು ನಡೆಸುತ್ತವೆ ಎಂದು ಲೂರಿಯಾ ಭಾವಿಸಿದ್ದರು. ಆದ್ದರಿಂದ ಸತ್ತ ಭಾಗ ಮರಳಿ ಬೆಳೆಯದಿದ್ದರೂ ಉಳಿದ ಭಾಗಗಳ ಮೂಲಕ ಅದೇ ಕೆಲಸಕ್ಕೆ ಬೇರೆ ದಾರಿ ಮಾಡಬಹುದಿತ್ತು. ಮುಂಭಾಗದ ಮಿದುಳಿಗೆ ಪೆಟ್ಟಾದ ರೋಗಿಯೊಬ್ಬ ಬಿಡಿ ವಾಕ್ಯಗಳನ್ನು ಹೇಳಬಲ್ಲವನಾಗಿದ್ದರೂ ಒಂದರಿಂದ ಇನ್ನೊಂದಕ್ಕೆ ಸಾಗಲಾರದವನಾಗಿದ್ದ. ಆಮೇಲೆ, ಆದರೆ, ಆದ್ದರಿಂದ ಎಂಬಂಥ ಪದಗಳನ್ನು ಬರೆದು ಎದುರಿಗಿಟ್ಟಾಗ ಅವನಿಂದ ಕಥೆ ಮುಂದುವರಿಯಿತು.

ಲೆವ್ ಜಸೆಟ್‌ಸ್ಕಿ

ಲೂರಿಯಾರ ರೋಗಿಗಳಲ್ಲಿ ಹೆಚ್ಚು ಪ್ರಸಿದ್ಧನಾದವನು ಸೇನಾಧಿಕಾರಿ ಲೆವ್ ಜಸೆಟ್‌ಸ್ಕಿ. ೧೯೪೩ರ ಮಾರ್ಚ್‌ನಲ್ಲಿ ಗುಂಡೇಟಿನಿಂದ ಅವನ ಎಡ ಮಿದುಳಿನ ಹಿಂಭಾಗಕ್ಕೆ ಗಾಯವಾಯಿತು. ದೃಷ್ಟಿಯ ಬಲಭಾಗ ಅಳಿಸಿಹೋಯಿತು, ಅಕ್ಷರಗಳು ಮರೆತವು. ತಂದೆಯ ಸೋದರ, ಸೋದರನ ತಂದೆ ಎಂಬ ಎರಡು ಮಾತುಗಳ ವ್ಯತ್ಯಾಸವೂ ಅವನಿಗೆ ತಿಳಿಯದಾಯಿತು. ಆದರೆ ತನಗೆ ಏನಾಗಿದೆ ಎಂಬ ಅರಿವು ಮಾತ್ರ ಅವನಿಗೆ ಪೂರ್ತಿಯಾಗಿ ಉಳಿದಿತ್ತು. ಅವನ ಸಂಕಟವೂ ಅದೇ. ಅಕ್ಷರದ ಆಕಾರವನ್ನು ನೆನಪಿಸಿಕೊಳ್ಳದೆ, ಪೆನ್ಸಿಲ್ ಎತ್ತದೆ, ಪದವನ್ನು ಒಂದೇ ಓಟದಲ್ಲಿ ಬರೆಯಲು ಹೇಳಿದಾಗ ಅವನ ಕೈ ಬರೆಯಿತು. ಬರೆದುದನ್ನು ಓದುವುದು ಮಾತ್ರ ಕೊನೆಯವರೆಗೂ ಕಷ್ಟವೇ ಆಗಿತ್ತು. ಹಾಗಿದ್ದೂ ಸುಮಾರು ೨೫ ವರ್ಷಗಳಲ್ಲಿ ಅವನು ೩೦೦೦ ಪುಟಗಳ ದಿನಚರಿ ಬರೆದ. ಅದನ್ನು ಆಧರಿಸಿದ ಲೂರಿಯಾರ ಪುಸ್ತಕ ೧೯೭೧ರಲ್ಲಿ ಪ್ರಕಟವಾಯಿತು. ಜಸೆಟ್‌ಸ್ಕಿ ಪೂರ್ಣವಾಗಿ ಗುಣವಾಗಲಿಲ್ಲ, ಪುಸ್ತಕ ಅದನ್ನು ಮರೆಮಾಚುವುದೂ ಇಲ್ಲ.

ನಂತರದ ವರ್ಷಗಳು

ಯುದ್ಧದ ಅನುಭವವನ್ನು ಲೂರಿಯಾ ೧೯೪೭ ಮತ್ತು ೧೯೪೮ರ ಎರಡು ಗ್ರಂಥಗಳಲ್ಲಿ ದಾಖಲಿಸಿದರು. ಸ್ಟಾಲಿನ್ ಕಾಲದ ಕೊನೆಯಲ್ಲಿ ನರಶಸ್ತ್ರಚಿಕಿತ್ಸಾ ಸಂಸ್ಥೆಯ ಕೆಲಸ ಕಳೆದುಕೊಂಡು, ಕೆಲವು ವರ್ಷ ಬೆಳವಣಿಗೆ ಕುಂಠಿತವಾದ ಮಕ್ಕಳ ಅಧ್ಯಯನದಲ್ಲಿ ತೊಡಗಿದ್ದರು. ೧೯೫೦ರ ದಶಕದ ಕೊನೆಯಲ್ಲಿ ಹಳೆಯ ಕ್ಷೇತ್ರಕ್ಕೆ ಮರಳಿದರು. ಮಾಸ್ಕೋದಲ್ಲಿ ನಿಧನರಾದರು.

ಕರ್ನಾಟಕದಲ್ಲಿ

ರಸ್ತೆ ಅಪಘಾತಗಳಂತೆಯೇ, ತಿಪಟೂರು, ನೊಣವಿನಕೆರೆಯಂಥ ತೆಂಗಿನ ಸೀಮೆಗಳಲ್ಲಿ ಮರದಿಂದ ಬೀಳುವುದೂ ತಲೆಪೆಟ್ಟಿಗೆ ಕಾರಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬೆಳೆದ ಅರಿವಿನ ಮರುತರಬೇತಿಯಲ್ಲಿ ಬೆರೆಸಿದ ಕಾಳುಗಳನ್ನು ಬೇರ್ಪಡಿಸುವುದು, ಸಾಲಿನಲ್ಲಿ ಸೂಚಿಸಿದ ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು ಮುಂತಾದ ಅಭ್ಯಾಸಗಳಿವೆ. ಕಾಳು ಆರಿಸುವುದು ಮನೆಯಲ್ಲಿಯೂ ಮುಂದುವರಿಸಬಹುದಾದ ಅಭ್ಯಾಸ.