ಕರಕುಶಲರ ತಾಯಿ ಕಮಲಾದೇವಿ

ನಮ್ಮ ಮಡಕಶಿರಕ್ಕೆ ಸಮೀಪದ ಲೇಪಾಕ್ಷಿಯ ದೇವಾಲಯದ ಮೇಲ್ಛಾವಣಿಯಲ್ಲಿ ವಿಜಯನಗರ ಕಾಲದ ಸೀರೆಗಳ ಅಂಚು, ಸೆರಗುಗಳ ಚಿತ್ತಾರಗಳನ್ನು ಇಂದಿಗೂ ಕಾಣಬಹುದು. ಇಂತಹ ಚಿತ್ತಾರಗಳು ಗೋಡೆಯ ಮೇಲಷ್ಟೇ ಉಳಿಯದೆ ಮನೆಮನೆಯಲ್ಲಿಯೂ ಬಾಳಬೇಕೆಂದು ದುಡಿದವರಲ್ಲಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ಅಗ್ರಗಣ್ಯರು.

1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಇವರಿಗೆ ಬಾಲ್ಯದಲ್ಲಿಯೇ ವೈಧವ್ಯ ಒದಗಿತು. ಕಟ್ಟುಪಾಡುಗಳಿಗೆ ಅಂಜದೆ ಕವಿ ಹರೀಂದ್ರನಾಥರನ್ನು ವರಿಸಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಯನ್ನೂ ಕಂಡರು. ದೇಶವಿಭಜನೆಯ ತರುವಾಯ ಫರೀದಾಬಾದಿನಲ್ಲಿ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಶ್ರಮಿಸಿದರು.

ಸ್ವಾತಂತ್ರ್ಯವೇನೋ ಬಂದಿತು, ಆದರೆ ಗಿರಣಿಯ ಅಗ್ಗದ ಬಟ್ಟೆಯೆದುರು ಕೈಮಗ್ಗ ಸೋಲುತ್ತಿತ್ತು, ಕುಶಲಕರ್ಮಿಗಳ ಮಕ್ಕಳು ಕುಲವೃತ್ತಿಯನ್ನು ತೊರೆಯುತ್ತಿದ್ದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದ ಕಮಲಾದೇವಿಯವರು ಊರೂರು ಸುತ್ತಿ ನೇಕಾರ, ಬಡಗಿ, ಕುಂಬಾರರನ್ನು ಅರಸಿದರು. ಅವರ ಕೈಕೆಲಸವನ್ನು ದೆಹಲಿಯ ಮಾರಾಟ ಮಳಿಗೆಗೆ ತಂದು ನಗರದ ಮನೆಗಳಲ್ಲಿ ಅದಕ್ಕೆ ಸ್ಥಾನ ದೊರಕಿಸಿದರು. ಶ್ರೀಕಾಳಹಸ್ತಿಯ ಕಲಂಕಾರಿ ಕಲೆಗೂ ಅವರ ಆಸರೆ ದೊರೆಯಿತು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. 1988ರ ಅಕ್ಟೋಬರ್ 29ರಂದು ದಿವಂಗತರಾದರು.

ಮನೆಗೊಂದು ಜಮಖಾನವನ್ನೋ ಮಂಚವನ್ನೋ ಕೊಳ್ಳುವಾಗ ಅದರ ಹಿಂದಿರುವ ಕೈಯನ್ನು ನೆನೆದು, ನ್ಯಾಯವಾದ ಬೆಲೆಯನ್ನು ಮನಸಾರೆ ಕೊಟ್ಟರೆ ಅದೇ ಆ ಮಹಾತಾಯಿಗೆ ನಾವು ಸಲ್ಲಿಸುವ ನಿಜವಾದ ಗೌರವ.