ಸಾಲ ತೀರಿಸಲು ಹಾಸನ ಜಿಲ್ಲೆಯನ್ನೇ ರದ್ದು ಮಾಡಿದ್ದ ದಿವಾನರು: ರಂಗಾಚಾರ್ಲು ಅವರ ಲೆಕ್ಕದ ಕಥೆ

ಬಜೆಟ್ ಬಂದಾಗಲೆಲ್ಲ ನಮ್ಮ ಜಿಲ್ಲೆಗೆ ಏನು ಸಿಕ್ತು, ಏನು ಸಿಗಲಿಲ್ಲ ಅಂತ ಟೀ ಅಂಗಡಿಗಳಲ್ಲಿ ಮಾತು ಶುರುವಾಗುತ್ತೆ. ಆದರೆ ಒಂದು ಕಾಲದಲ್ಲಿ ಸರ್ಕಾರದ ಖರ್ಚು ಉಳಿಸಲು ಹಾಸನ ಜಿಲ್ಲೆಯನ್ನೇ ತೆಗೆದುಹಾಕಿದ್ದರು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. 1882ರಲ್ಲಿ ಹಾಸನ ಮತ್ತು ಚಿತ್ರದುರ್ಗ ಜಿಲ್ಲೆ ಅನ್ನೋ ಪಟ್ಟ ಕಳೆದುಕೊಂಡು ಬೇರೆ ಜಿಲ್ಲೆಗಳ ಕೆಳಗಿನ ಉಪವಿಭಾಗಗಳಾದವು. ಎಂಟು ಜಿಲ್ಲೆಗಳ ಮೈಸೂರು ರಾಜ್ಯ ಆರು ಜಿಲ್ಲೆಗೆ ಇಳೀತು. ಹೀಗೆ ಮಾಡಿದವರು ದಿವಾನ್ ಸಿ.ವಿ. ರಂಗಾಚಾರ್ಲು.

ಶಾಲೆಯಲ್ಲಿ ನಮಗೆ ಈ ಹೆಸರು ಒಂದು ಮಾರ್ಕಿನ ಪ್ರಶ್ನೆಯಾಗಿ ಮಾತ್ರ ಬಂದಿತ್ತು. ಪ್ರಜಾಪ್ರತಿನಿಧಿ ಸಭೆ ಸ್ಥಾಪಿಸಿದವರು ಯಾರು, ರಂಗಾಚಾರ್ಲು, ಮುಗೀತು. ಆ ಸಭೆ ಕರೆದಾಗ ಖಜಾನೆ ಯಾವ ಸ್ಥಿತಿಯಲ್ಲಿತ್ತು ಅಂತ ಯಾರೂ ಹೇಳಲಿಲ್ಲ.

ರಂಗಾಚಾರ್ಲು ಮೈಸೂರಿನವರಲ್ಲ. 1831ರಲ್ಲಿ ಮದ್ರಾಸ್ ಹತ್ತಿರದ ಚೆಂಗಲ್ಪಟ್ಟು ಸೀಮೆಯಲ್ಲಿ ಹುಟ್ಟಿದವರು. ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡದ್ದೂ ಅದೇ ವರ್ಷ. ಮದ್ರಾಸ್ ಸರ್ಕಾರದಲ್ಲಿ ಸಣ್ಣ ಹುದ್ದೆಯಿಂದ ಶುರು ಮಾಡಿ, ಇನಾಂ ಜಮೀನುಗಳ ಕೆಲಸ, ಕಲ್ಲಿಕೋಟೆಯ ಖಜಾನೆ ಕೆಲಸ ಎಲ್ಲ ಮಾಡಿ ಲೆಕ್ಕಪತ್ರದಲ್ಲಿ ಪಳಗಿದ್ದರು. 1868ರಲ್ಲಿ ಮುಮ್ಮಡಿಯವರು ತೀರಿಕೊಂಡಾಗ ಅರಮನೆಯ ಸಾಲ, ಆಸ್ತಿ, ಖರ್ಚು ಯಾವುದಕ್ಕೂ ಸರಿಯಾದ ಹಿಡಿತ ಇರಲಿಲ್ಲ. ಅದನ್ನ ಒಪ್ಪ ಮಾಡೋಕೆ ಅಂತ ಇವರನ್ನ ಮೈಸೂರಿಗೆ ಕರೆಸಿಕೊಂಡರು.

ಸರ್ಕಾರಿ ಕೆಲಸದಲ್ಲಿದ್ದರೂ 1874ರಲ್ಲಿ ಅವರು ಮೈಸೂರಿನ ಬ್ರಿಟಿಷ್ ಆಡಳಿತದ ಮೇಲೇ ಒಂದು ಪುಸ್ತಿಕೆ ಬರೆದರು. ದೊಡ್ಡ ಸಂಬಳದ ಯುರೋಪಿಯನ್ ಅಧಿಕಾರಿಗಳಿಗೆ ರಾಜ್ಯದ ಹಣ ಹೋಗ್ತಾ ಇದೆ, ಇಲ್ಲಿನ ಜನರ ಕಸುಬಿಗೆ, ವ್ಯಾಪಾರಕ್ಕೆ ಏನೂ ಉಳಿಯೋದಿಲ್ಲ ಅನ್ನೋದು ಅದರ ತಿರುಳು. ಅನ್ನ ಕೊಟ್ಟವರ ಲೆಕ್ಕವನ್ನೇ ಹಿಡಿದು ಪ್ರಶ್ನೆ ಮಾಡೋದು ಆ ಕಾಲಕ್ಕೆ ಸಣ್ಣ ಧೈರ್ಯ ಅಲ್ಲ.

ಆಮೇಲೆ ಬಂತು ಬರ. 1876ರಿಂದ 78ರವರೆಗಿನ ಆ ಬರವನ್ನ ಹಳಬರು ಧಾತು ಈಶ್ವರ ಸಂವತ್ಸರದ ಬರ ಅಂತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು 42 ಲಕ್ಷದ ಹತ್ತಿರ. ಅಷ್ಟು ಜನ ಸತ್ತರು, ಊರು ಬಿಟ್ಟರು. ದನಕರು ಹೋದವು, ಹೊಲ ಬೀಳು ಬಿತ್ತು. ಬರಕ್ಕೆ ಮುಂಚೆ ಖಜಾನೆಯಲ್ಲಿ 60 ಲಕ್ಷಕ್ಕೂ ಮೇಲೆ ಉಳಿತಾಯ ಇತ್ತು. ಅದೆಲ್ಲ ಕರಗಿ, ಅದರ ಮೇಲೆ ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ ನಿಂತಿತು.

ಇಂಥ ಖಜಾನೆಯ ಕೀಲಿಕೈ ರಂಗಾಚಾರ್ಲು ಕೈಗೆ ಬಂದದ್ದು 1881ರ ಮಾರ್ಚ್ 25ರಂದು. ಐವತ್ತು ವರ್ಷದ ಮೇಲೆ ಬ್ರಿಟಿಷರು ಆಡಳಿತ ವಾಪಸ್ ಕೊಟ್ಟರು. ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರು ಮಹಾರಾಜರು, ಇವರು ದಿವಾನರು.

ಅಂಗಡಿ ನಡೆಸೋರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತೆ. ರಾಜ್ಯದ ವರಮಾನ ವರ್ಷಕ್ಕೆ ಸುಮಾರು ಒಂದು ಕೋಟಿ. ಅದರಲ್ಲಿ ಬ್ರಿಟಿಷರಿಗೆ ಕಪ್ಪ 24.5 ಲಕ್ಷ. ಬರದ ಸಾಲಕ್ಕೆ ಬಡ್ಡಿಯೇ 4 ಲಕ್ಷ. ಅಂದರೆ ನೂರು ರೂಪಾಯಿ ಗಲ್ಲಾಕ್ಕೆ ಬಿದ್ದರೆ, ಬಾಗಿಲು ತೆಗೆಯೋ ಮುಂಚೆಯೇ ಇಪ್ಪತ್ತೆಂಟು ರೂಪಾಯಿ ಹೊರಗೆ. ಉಳಿದದ್ದರಲ್ಲಿ ಸಂಬಳ, ಅರಮನೆ, ಕೆರೆ, ರಸ್ತೆ, ಪೊಲೀಸ್. ಸಾಲದ್ದಕ್ಕೆ ಕಪ್ಪವನ್ನ 35 ಲಕ್ಷಕ್ಕೆ ಏರಿಸೋ ಷರತ್ತು ಬೇರೆ ಇತ್ತು. ಬರದ ಕಾರಣಕ್ಕೆ ಅದನ್ನ ಐದು ವರ್ಷ ಮುಂದೂಡಿದ್ದರು ಅಷ್ಟೇ.

ಹಾಗಾದ್ರೆ ತೆರಿಗೆ ಹಾಕಬಹುದಿತ್ತಲ್ಲ? ಯಾರ ಮೇಲೆ ಹಾಕೋದು? ವರಮಾನದ ಬಹುಪಾಲು ಭೂಕಂದಾಯ. ಅಳತೆ ಮುಗಿದ ತಾಲ್ಲೂಕುಗಳಲ್ಲಿ ಕಂದಾಯ 30 ವರ್ಷಕ್ಕೆ ನಿಗದಿ ಆಗಿತ್ತು, ಮಧ್ಯದಲ್ಲಿ ಏರಿಸೋ ಹಾಗಿಲ್ಲ. ಏರಿಸಿದರೂ ಕಟ್ಟೋಕೆ ರೈತನ ಮನೆಯಲ್ಲಿ ಎತ್ತೂ ಇಲ್ಲ, ಬೀಜವೂ ಇಲ್ಲ. ಉಪ್ಪು, ಅಫೀಮಿನ ವಿಷಯದಲ್ಲಿ ಬ್ರಿಟಿಷರ ಹಿಡಿತ. ಕೋಲಾರದ ಚಿನ್ನದ ದುಡ್ಡು ಇನ್ನೂ ಬರಬೇಕಿತ್ತು. ಹಾಗಾಗಿ ಉಳಿದಿದ್ದು ಕತ್ತರಿ ಒಂದೇ.

ಅವರು ಕತ್ತರಿ ಹಾಕಿದ್ದು ಕಚೇರಿಗಳಿಗೆ. ದೊಡ್ಡ ಸಂಬಳದ ಯುರೋಪಿಯನ್ನರ ಜಾಗಕ್ಕೆ ಕಡಿಮೆ ಸಂಬಳದ ಇಲ್ಲಿನವರು ಬಂದರು. ಕೆಲವು ಹುದ್ದೆ ಪೂರ್ತಿ ಹೋದವು. ಕೆಲವು ತಾಲ್ಲೂಕುಗಳು ಹೋದವು, ಕೊನೆಗೆ ಎರಡು ಜಿಲ್ಲೆಗಳೂ ಹೋದವು.

ಕಾಗದದ ಮೇಲೆ ಇದು ಉಳಿತಾಯ. ಹಳ್ಳಿಯವನಿಗೆ ಏನಾಯ್ತು? ಜಮೀನಿನ ತಕರಾರಿಗೆ ಹಾಸನದ ಜಿಲ್ಲಾ ಕಚೇರಿಗೆ ಹೋಗಿ ಬರ್ತಿದ್ದವನು ಈಗ ಬೇರೆ ಜಿಲ್ಲೆಯ ಊರಿಗೆ ಹೋಗಬೇಕು. ಬಸ್ಸಿಲ್ಲ, ಅರಸೀಕೆರೆಗೆ ರೈಲೂ ಇನ್ನೂ ಬಂದಿರಲಿಲ್ಲ. ಎತ್ತಿನ ಗಾಡಿ, ಇಲ್ಲವೇ ಕಾಲುನಡಿಗೆ. ಸರ್ಕಾರ ಉಳಿಸಿದ ದುಡ್ಡಿನ ಒಂದು ಪಾಲು ರೈತನ ಬುತ್ತಿಯಿಂದ ಬಂತು ಅನ್ನೋದೇ ನಿಜ. ಕಚೇರಿ ಎದ್ದುಹೋದ ಊರಿನಲ್ಲಿ ವ್ಯಾಪಾರ ಏನಾಗುತ್ತೆ ಅಂತ ಪೇಟೆ ಬೀದಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದು ಕಡೆ ಮಾತ್ರ ಅವರು ಕೈ ಬಿಗಿ ಮಾಡಲಿಲ್ಲ, ಅದು ರೈಲು. ಬೆಂಗಳೂರು–ಮೈಸೂರು ಹಳಿಗೆ ಬರದ ಕಾಲದಲ್ಲೇ ಕೂಲಿಗಾಗಿ ಜನ ಮಣ್ಣು ಹೊತ್ತಿದ್ದರು. ಅದು 1882ರಲ್ಲಿ ಮೈಸೂರು ಮುಟ್ಟಿತು. ಸಾಲದ ಮೇಲೆ ಸಾಲ ಮಾಡಿಯಾದರೂ ಹಳಿಯನ್ನ ತುಮಕೂರು, ತಿಪಟೂರು ದಿಕ್ಕಿಗೆ ಮುಂದುವರಿಸಬೇಕು ಅನ್ನೋದು ಅವರ ಹಟ. ಬರದಲ್ಲಿ ದುಡ್ಡಿದ್ದರೂ ಹಳ್ಳಿಗೆ ಧಾನ್ಯ ಸಾಗಿಸೋಕೆ ದಾರಿ ಇರಲಿಲ್ಲ. ಅದನ್ನ ಕಣ್ಣಾರೆ ಕಂಡವರಿಗೆ ರೈಲು ದಂಡದ ಖರ್ಚು ಅನ್ನಿಸಲಿಲ್ಲ. ಜಿಲ್ಲೆ ತೆಗೆದದ್ದರ ಬಗ್ಗೆ ಏನೇ ಹೇಳಿ, ಇದರಲ್ಲಿ ಅವರ ಲೆಕ್ಕ ಸರಿ ಅಂತಲೇ ನನಗೆ ಅನ್ನಿಸೋದು.

ಇನ್ನು ಆ ಒಂದು ಮಾರ್ಕಿನ ಪ್ರಶ್ನೆ. 1881ರ ಅಕ್ಟೋಬರ್ 7ರಂದು, ದಸರಾ ಹೊತ್ತಿಗೆ, ಮೈಸೂರಿನಲ್ಲಿ 144 ಜನರನ್ನ ಸೇರಿಸಿದರು. ತಾಲ್ಲೂಕುಗಳಿಂದ ಜಮೀನು ಉಳೋ ರೈತರು, ಜಿಲ್ಲೆಗಳಿಂದ ವರ್ತಕರು. ಓಟು ಹಾಕಿ ಗೆದ್ದವರಲ್ಲ, ಸರ್ಕಾರದ ಪ್ರಸ್ತಾಪವನ್ನ ತಡೆಯೋ ಅಧಿಕಾರವೂ ಅವರಿಗೆ ಇರಲಿಲ್ಲ. ಆದರೂ ಒಬ್ಬ ದಿವಾನ ಅಂಗಡಿಯವರನ್ನ, ರೈತರನ್ನ ಎದುರಿಗೆ ಕೂರಿಸಿಕೊಂಡು ಆದಾಯ ಇಷ್ಟು, ಖರ್ಚು ಇಷ್ಟು, ಸಾಲ ಇಷ್ಟು ಅಂತ ತಾನೇ ಒಪ್ಪಿಸಿದ. ಬ್ರಿಟಿಷ್ ಇಂಡಿಯಾದಲ್ಲೂ ಆಗ ಇಂಥದ್ದು ನಡೀತಿರಲಿಲ್ಲ.

ಕೆಲಸ ಪೂರ್ತಿ ಮಾಡೋಕೆ ಆಯಸ್ಸು ಬಿಡಲಿಲ್ಲ. 1883ರ ಜನವರಿ 20ರಂದು ಮದ್ರಾಸಿನಲ್ಲಿ ತೀರಿಕೊಂಡರು. ದಿವಾನಗಿರಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ನಂತರ ಬಂದ ಶೇಷಾದ್ರಿ ಅಯ್ಯರ್ ಹದಿನೆಂಟು ವರ್ಷ ಆಳಿದರು, ರೈಲು ಮುಂದುವರಿಸಿದರು, ಕೋಲಾರದ ಚಿನ್ನದ ರಾಯಧನವನ್ನೂ ಕಂಡರು. ಏರಿಸಬೇಕಿದ್ದ ಕಪ್ಪವನ್ನ ಬ್ರಿಟಿಷರು ಮತ್ತೆ ಹತ್ತು ವರ್ಷ ಮುಂದೂಡಿದರು. 1886ರಲ್ಲಿ ಹಾಸನ, ಚಿತ್ರದುರ್ಗ ಎರಡೂ ಮತ್ತೆ ಜಿಲ್ಲೆಗಳಾದವು.

ಮೈಸೂರಿಗೆ ಹೋದಾಗ ದೊಡ್ಡ ಗಡಿಯಾರದ ಹತ್ತಿರ ಟೌನ್‌ಹಾಲ್ ನೋಡಿರ್ತೀರಿ. 1884ರಲ್ಲಿ ಕಟ್ಟಿದ ಆ ಕಟ್ಟಡದ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ.